ಕಟ್ಟಳೆಯ ಆಚೆ ಬದಿಯ ಮನುಷ್ಯ

ಕೆಲಸ ಹುಡುಕಿಕೊಂಡೋ ಮದುವೆಯಾಗಿಯೋ ಕರ್ನಾಟಕದಿಂದ ಬಂದು ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕಥೋಲಿಕ ಮನೆಗಳ ಮಕ್ಕಳಿಗೆ, ಸೊಸೆಯಂದಿರಿಗೆ, ಅಳಿಯಂದಿರಿಗೆ ಈ ಮಾತುಗಳು. ದೇವರ ಹತ್ತು ಕಟ್ಟಳೆ ನಿಮಗೆಲ್ಲ ಬಾಯಿಪಾಠ. ಮೊದಲ ಪರಮಪ್ರಸಾದಕ್ಕೆ ಸಿದ್ಧವಾಗುವಾಗಲೇ ಸಿಸ್ಟರ್ ಎದುರು ನಿಂತು ಒಪ್ಪಿಸಿದವರು ನೀವು. ಆದರೂ ಪಾಪನಿವೇದನೆಗೆ ಮುಂಚೆ ಅವನ್ನು ಮನಸ್ಸಿನಲ್ಲಿ ಒಮ್ಮೆ ಓಡಿಸಿ, ಕೊಂದಿಲ್ಲ, ಕದ್ದಿಲ್ಲ, ಪೂಜೆ ತಪ್ಪಿಸಿದ್ದು ಎರಡು ಸಲ, ಇಷ್ಟೇ ಎಂದು ಏಳುವವರೇ ಹೆಚ್ಚು. ಚಿಕ್ಕಂದಿನಿಂದ ಎಲ್ಲವನ್ನೂ ಪಾಲಿಸಿದ್ದೇನೆ ಎಂದ ಶ್ರೀಮಂತ ಯುವಕನ ಕತೆ ಮತ್ತಾಯನ ಶುಭಸಂದೇಶದ 19ನೇ ಅಧ್ಯಾಯದಲ್ಲಿದೆ. ಯೇಸು ಅವನಿಗೆ ಬಡವರ ಕಡೆ ಕೈ ತೋರಿಸಿದರು, ಅವನು ಮುಖ ಬಾಡಿಸಿಕೊಂಡು ಹೊರಟುಹೋದ. ಒಂದೊಂದು ಕಟ್ಟಳೆಯ ಆಚೆ ಬದಿಯಲ್ಲೂ ಒಬ್ಬ ಗಂಡಸೋ ಹೆಂಗಸೋ ನಿಂತಿದ್ದಾರೆ. ಅವರು ಯಾರು, ನಮ್ಮಿಂದ ಅವರಿಗೆ ಬರಬೇಕಾದ ಬಾಕಿ ಏನು ಎಂದು ಹುಡುಕುವುದೇ ಕಟ್ಟಳೆ ಪಾಲಿಸುವ ಕೆಲಸ. ಹಾಗೆ ಹುಡುಕಿದಾಗ ನನಗೆ ಕಂಡಿದ್ದನ್ನು ಬರೆದಿದ್ದೇನೆ.

ಮೊದಲೇ ಒಂದು ಮಾತು. ನಾವು ಎಣಿಸುವುದು ಸಂತ ಅಗಸ್ಟೀನರ ಕ್ರಮದಲ್ಲಿ. ನಮಗೆ ನಾಲ್ಕನೆಯದಾದ ಅಪ್ಪ ಅಮ್ಮನ ಕಟ್ಟಳೆ ಪಕ್ಕದ ಮನೆಯ ಸಿ.ಎಸ್.ಐ. ಸಭೆಯವರಿಗೆ ಐದನೆಯದು. ಇದಕ್ಕಾಗಿ ವಾದಕ್ಕೆ ಕೂರಬೇಡಿ, ಮಾತು ಒಂದೇ.

• ಮೊದಲನೆಯ ಕಟ್ಟಳೆಗೆ ವಿಗ್ರಹ ಹುಡುಕಲು ಪಕ್ಕದ ಬೀದಿಗೆ ಹೋಗಬೇಡಿ. ಅಲ್ಲಿಯವರ ದೇವರನ್ನು ಹಳಿಯುವುದು ನಿಮ್ಮ ಕೆಲಸವಲ್ಲ. ನಮ್ಮ ಮನೆಯೊಳಗೇ ದೇವರ ಜಾಗದಲ್ಲಿ ಕೂತಿರುವುದು ಜಾತಿ. ಜ್ಞಾನಸ್ನಾನ ಪಡೆದು ಎಷ್ಟೋ ತಲೆಮಾರಾದರೂ ಮದುವೆ ಮಾತುಕತೆಯಲ್ಲಿ ಮೊದಲ ಪ್ರಶ್ನೆ ಅದೇ. ತಮಿಳುನಾಡಿನ ಕೆಲವು ಊರುಗಳಲ್ಲಿ ಕಥೋಲಿಕರ ಸಮಾಧಿಭೂಮಿಗೂ ಜಾತಿಯ ಗೋಡೆ ಎದ್ದದ್ದುಂಟು. ಸಂತ ದೇವಸಹಾಯಂ ಅವರನ್ನು ನೆನೆಯಿರಿ. 1712ರಲ್ಲಿ ಈಗಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನಲ್ಲಿ ಮೇಲುಜಾತಿಯ ಮನೆಯಲ್ಲಿ ಹುಟ್ಟಿ, ತಿರುವಾಂಕೂರು ಅರಮನೆಯ ಅಧಿಕಾರಿಯಾಗಿದ್ದವರು. 1745ರಲ್ಲಿ ಕ್ರೈಸ್ತರಾದ ಮೇಲೆ ಕೆಳಗಿನವರೆನಿಸಿಕೊಂಡವರ ಜೊತೆ ಕೂತು ಉಂಡರು. 1752ರಲ್ಲಿ ಅವರನ್ನು ಗುಂಡಿಟ್ಟು ಕೊಂದರು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದಾಗ ಹೆಸರಿನ ಕೊನೆಗಿದ್ದ ಜಾತಿಸೂಚಕವನ್ನು ಕೈಬಿಡಲಾಯಿತು. ಭಾರತದ ಶ್ರೀಸಾಮಾನ್ಯ ವಿಶ್ವಾಸಿಗಳಲ್ಲಿ ಸಂತರಾದ ಮೊದಲಿಗರು ಅವರು. ಅವರ ಪಟ ಗೋಡೆಗೆ ಹಾಕಿದ ಮನೆಯಲ್ಲಿ ಕೆಲಸದಮ್ಮನಿಗೆ ಬೇರೆ ಲೋಟ ಇರಬಾರದು. ಮಗಳಿಗೆ ಹುಡುಗನನ್ನು ನೋಡುವಾಗ ಅವನ ವಿಶ್ವಾಸ, ದುಡಿಮೆ, ಕುಡಿತ, ಕೋಪ ಇವನ್ನು ವಿಚಾರಿಸಿ. ಜಾತಿ ಕೇಳಬೇಡಿ. ನೆಂಟರು ಕೇಳಿದರೆ ಉತ್ತರ ಕೊಡಬೇಡಿ.

• ಮಾತುಮಾತಿಗೆ ದೇವರಾಣೆ, ಮಾತೆಯಾಣೆ ಎನ್ನುವ ಅಭ್ಯಾಸ ಬಿಡಿ. ಸಾಲ ಕೇಳುವಾಗ, ಸಾಮಾನು ಮಾರುವಾಗ, ಜಗಳದಲ್ಲಿ ಗೆಲ್ಲಲು ದೇವರ ಹೆಸರನ್ನು ಎಳೆದು ತರಬೇಡಿ. ಹರಕೆಯೂ ದೇವರಿಗೆ ಕೊಟ್ಟ ಮಾತು. ಬೆಸೆಂಟ್ ನಗರದ ವೇಳಾಂಕಣಿ ಮಾತೆಯ ಗುಡಿಯಲ್ಲಿ ಆಗಸ್ಟ್ 29ರಿಂದ ಸೆಪ್ಟೆಂಬರ್ 8ರ ತನಕ ಹಬ್ಬ ನಡೆಯುವಾಗ, ಮಗು ಪಾಸಾದರೆ ಚಿನ್ನದ ಸರ, ಕೆಲಸ ಸಿಕ್ಕರೆ ಇನ್ನೊಂದು ಎಂದು ಕೈಮೀರಿದ ಹರಕೆ ಹೊತ್ತು ಆಮೇಲೆ ಬಡ್ಡಿಗೆ ದುಡ್ಡು ತರುವವರಿದ್ದಾರೆ. ಮಾಡಲಾಗುವಷ್ಟೇ ಹರಕೆ ಹೊರಿ, ಹೊತ್ತದ್ದನ್ನು ಮಾಡಿ. ಹತ್ತು ಜನಕ್ಕೆ ಕಳಿಸದಿದ್ದರೆ ಕೇಡು ಎಂದು ಹೆದರಿಸುವ ಪ್ರಾರ್ಥನೆ ಫೋನಿಗೆ ಬಂದರೆ ಅಳಿಸಿಬಿಡಿ.

• ಭಾನುವಾರದ ಬಲಿಪೂಜೆ ತಪ್ಪಿಸಬೇಡಿ. ತಮಿಳು ಅರ್ಥವಾಗುವುದಿಲ್ಲ ಎಂಬ ನೆಪ ಬಹಳ ಕೇಳಿದ್ದೇನೆ. ಆಯಾ ಭಾನುವಾರ ಓದುವ ವಾಚನಗಳು ರೋಮನ್ ಪೂಜಾವಿಧಿಯ ಎಲ್ಲ ಗುಡಿಗಳಲ್ಲೂ ಒಂದೇ, ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ನಿಮ್ಮ ಊರಿನಲ್ಲಿ ಕನ್ನಡದಲ್ಲಿ ಓದುವುದನ್ನೇ ಸಾಂತೋಮ್ ಬಸಿಲಿಕದಲ್ಲಿ ತಮಿಳಿನಲ್ಲಿ ಓದುತ್ತಾರೆ. ಶನಿವಾರ ರಾತ್ರಿ ಮನೆಮಂದಿ ಕೂತು ಕನ್ನಡ ಬೈಬಲಿನಲ್ಲಿ ಅವನ್ನು ಓದಿಕೊಳ್ಳಿ. ಮರುದಿನ ಕಿವಿಗೆ ಬೀಳುವ ತಮಿಳು ತಾನಾಗಿ ತಿಳಿಯುತ್ತದೆ. ನಮ್ಮ ಕರ್ನಾಟಕದಲ್ಲಿ ಗುಡಿಯ ಭಾಷೆಗಾಗಿ ಎಷ್ಟು ಮನಸ್ಸುಗಳು ಮುರಿದವು ಎಂಬುದನ್ನು ಕಂಡವನು ನಾನು. ಇಲ್ಲಿ ಕೈಬೆರಳಿಟ್ಟು ಪುಟ ತೋರಿಸಿಕೊಡುವ ಪಕ್ಕದ ತಮಿಳು ಅಜ್ಜಿಯನ್ನು ಕಂಡಾಗಲೆಲ್ಲ ದೇವರಿಗೆ ವಂದನೆ ಹೇಳುತ್ತೇನೆ.

ಭಾನುವಾರ ಪಾಳಿ ಇರುವವರಿಗೆ ಶನಿವಾರ ಸಂಜೆಯ ಪೂಜೆ ಸಲ್ಲುತ್ತದೆ. ಹಾಸಿಗೆ ಹಿಡಿದವರು, ಅವರನ್ನು ನೋಡಿಕೊಳ್ಳುವವರು, ಎಳೆಕೂಸಿನ ತಾಯಿ ಬರಲಾಗದಿದ್ದರೆ ಪಾಪವಲ್ಲ, ಅದಕ್ಕೆ ಕೊರಗಬೇಡಿ. ಆದರೆ ಮಂಗಳವಾರ ಅರ್ಮೇನಿಯನ್ ಬೀದಿಯ ಸಂತ ಅಂತೋಣಿಯವರ ಬಳಿ ಹೋಗಿ ಮೇಣದಬತ್ತಿ ಹಚ್ಚಿದೆ ಎಂದು ಭಾನುವಾರ ಮಲಗಿಬಿಡಬೇಡಿ. ಒಂದರ ಲೆಕ್ಕಕ್ಕೆ ಇನ್ನೊಂದು ಬರುವುದಿಲ್ಲ.

• ಇದೇ ಮೂರನೆಯ ಕಟ್ಟಳೆಯ ಅರ್ಧವನ್ನು ನಾವು ಮರೆತಿದ್ದೇವೆ, ಅದಕ್ಕೇ ಬೇರೆಯಾಗಿ ಹೇಳುತ್ತೇನೆ. ಧರ್ಮೋಪದೇಶಕಾಂಡದ 5ನೇ ಅಧ್ಯಾಯ ತೆಗೆದು ನೋಡಿ. ವಿಶ್ರಾಂತಿಯ ದಿನ ಮನೆಯ ಯಜಮಾನನಿಗೆ ಮಾತ್ರ ಕೊಟ್ಟದ್ದಲ್ಲ. ಆಳು, ದಾಸಿ, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ ಎಲ್ಲರನ್ನೂ ಹೆಸರಿಸಿದೆ. ನೀವೂ ಒಂದು ಕಾಲಕ್ಕೆ ದಾಸರಾಗಿದ್ದಿರಿ ಎಂಬುದೇ ಅಲ್ಲಿ ಕೊಟ್ಟ ಕಾರಣ. ಈಗ ನಮ್ಮ ಮನೆಗಳ ಭಾನುವಾರ ನೋಡಿ. ಪೂಜೆ ಮುಗಿಸಿ ಬಂದು, ನೆಂಟರನ್ನು ಕರೆದು, ಬಿರಿಯಾನಿ ಮಾಡಿ, ಇಪ್ಪತ್ತು ತಟ್ಟೆ ಸಿಂಕಿಗೆ ಹಾಕಿ ಕೆಲಸದಮ್ಮನಿಗೆ ಫೋನ್ ಮಾಡುತ್ತೇವೆ. ಅವಳೂ ಯಾವುದೋ ಗುಡಿಗೆ ಹೋಗಬೇಕಿತ್ತು, ಇಲ್ಲವೇ ಮಕ್ಕಳ ತಲೆ ಬಾಚಬೇಕಿತ್ತು. ವಾರಕ್ಕೊಂದು ದಿನ ಸಂಬಳ ಹಿಡಿಯದೆ ರಜೆ ಕೊಡಿ, ಆ ದಿನದ ಪಾತ್ರೆ ಗಂಡಸರು ತೊಳೆಯಲಿ. ವಾಚ್‌ಮನ್‌ಗೂ ಡ್ರೈವರ್‌ಗೂ ಇದೇ ಮಾತು. ಅಪಾರ್ಟ್‌ಮೆಂಟಿನ ಸಭೆಯಲ್ಲಿ ವಾಚ್‌ಮನ್‌ಗೆ ವಾರದ ರಜೆ ಬೇಕೆಂದು ಎದ್ದು ಕೇಳುವವರು ನೀವಾಗಿರಿ. ಖರ್ಚು ಮನೆಗೆ ಎಷ್ಟು ಬೀಳುತ್ತದೆ ಎಂದು ಲೆಕ್ಕ ಹಾಕಿಕೊಂಡೇ ಹೋಗಿ, ಆಗ ಯಾರೂ ಬಾಯಿ ಮುಚ್ಚಿಸುವುದಿಲ್ಲ.

• ಅಪ್ಪ ಅಮ್ಮನ ವಿಷಯದಲ್ಲಿ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಕಳವಳವಿದೆ. ತಿಂಗಳಿಗೊಮ್ಮೆ ದುಡ್ಡು ಹಾಕುತ್ತೀರಿ, ಒಳ್ಳೆಯದು. ಯಾವ ಮಾತ್ರೆ ಯಾವ ಹೊತ್ತಿಗೆ, ಯಾವ ಡಾಕ್ಟರು, ಬಿದ್ದರೆ ಎತ್ತಲು ಪಕ್ಕದಲ್ಲಿ ಯಾರಿದ್ದಾರೆ, ಅವರ ನಂಬರ್ ಏನು ಎಂದು ಕೇಳಿದರೆ ನಿಮ್ಮಲ್ಲಿ ಅರ್ಧ ಜನಕ್ಕೆ ಉತ್ತರ ಗೊತ್ತಿಲ್ಲ. ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ, ಅದರದೇ ಪ್ರತಿ ಊರಿನ ಮನೆಯ ಗೋಡೆಯಲ್ಲೂ ಇರಲಿ.

ದೇವರಿಗೆ ಮೀಸಲು ಎಂದು ಹೇಳಿ ಹೆತ್ತವರಿಗೆ ಕೊಡಬೇಕಾದ್ದನ್ನು ತಪ್ಪಿಸುವವರನ್ನು ಯೇಸು ಎಷ್ಟು ಕಟುವಾಗಿ ಬೈದರೆಂದು ಮಾರ್ಕನ 7ನೇ ಅಧ್ಯಾಯದಲ್ಲಿ ಓದಿ. ಊರಿನ ಗುಡಿಗೆ ನಿಮ್ಮ ಹೆಸರು ಕೆತ್ತಿಸಿದ ಬೆಂಚು ಕೊಡಿಸುವ ಮುನ್ನ ಅಪ್ಪನ ಕಣ್ಣಿನ ಪೊರೆ ತೆಗೆಸಿ. ಗುರುಗಳೂ ಇದನ್ನೇ ಹೇಳುತ್ತಾರೆ, ಕೇಳಿ ನೋಡಿ.

ಮರೆವು ಹಿಡಿದ ತಂದೆಯನ್ನು ತಾಳಿಕೊಳ್ಳಬೇಕೆಂದು ಸಿರಾಖನ ಗ್ರಂಥದ 3ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಈ ಗ್ರಂಥ ನಮ್ಮ ಕಥೋಲಿಕ ಬೈಬಲಿನಲ್ಲಿದೆ. ಊಟ ಮಾಡಿ ಹತ್ತು ನಿಮಿಷಕ್ಕೆ ಊಟ ಹಾಕಲಿಲ್ಲ ಎನ್ನುವ ತಾಯಿಗೆ ಎದುರಾಡಬೇಡಿ, ಒಂದು ತುತ್ತು ಮೊಸರನ್ನ ಕೊಡಿ. ಊರಿಂದ ಕರೆತಂದು ಒಂಬತ್ತನೇ ಮಹಡಿಯಲ್ಲಿ ಬೀಗ ಹಾಕಿ ಆಫೀಸಿಗೆ ಹೋದರೆ ಅದು ಸೆರೆಮನೆ. ಅವರಿಗೆ ಕನ್ನಡದಲ್ಲಿ ಮಾತಾಡುವ ಜೀವ ಬೇಕು. ತ್ಯಾಗರಾಯನಗರದಲ್ಲಿ ಕರ್ನಾಟಕ ಸಂಘವಿದೆ, ಕಾರ್ಯಕ್ರಮಗಳಿಗೆ ಕರೆದೊಯ್ಯಿರಿ. ರೋಗಿಗಳ ಅಭ್ಯಂಗವನ್ನು ಕೊನೆಯುಸಿರಿನ ತನಕ ಮುಂದೂಡಬೇಡಿ. ದೊಡ್ಡ ಆಪರೇಷನ್ನಿಗೆ ಮುಂಚೆಯೂ, ಮುಪ್ಪಿನ ನಿಶ್ಶಕ್ತಿ ಹೆಚ್ಚಾದಾಗಲೂ ಕೇಳಿ ಪಡೆಯಬಹುದು. ಗುರುಗಳು ಮನೆಗೆ ಬಂದರೆ ಸಾವು ಬಂದಂತೆ ಎಂದು ಹೆದರುವ ಮನೆಗಳಲ್ಲಿ ಎಷ್ಟೋ ಜನ ಆ ಸಂಸ್ಕಾರವಿಲ್ಲದೆಯೇ ಕಣ್ಣುಮುಚ್ಚಿದ್ದಾರೆ.

• ಕೊಲೆ ಮಾಡಬಾರದು. ಈ ಕಟ್ಟಳೆ ನಿಮ್ಮ ಅಪಾರ್ಟ್‌ಮೆಂಟಿನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳದ ಹತ್ತಿರ ಬಂದು ನಿಲ್ಲುತ್ತದೆ. ಚೆನ್ನೈ ಸುತ್ತಮುತ್ತ ಮಲಗುಂಡಿಗೆ ಇಳಿದವರು ಸತ್ತ ಸುದ್ದಿ ನೀವೂ ಓದಿದ್ದೀರಿ. ಒಳಗೆ ಹೈಡ್ರೋಜನ್ ಸಲ್ಫೈಡ್ ಕಟ್ಟಿಕೊಂಡಿರುತ್ತದೆ. ಹೆಚ್ಚಿದ್ದಾಗ ಅದು ಮೂಗಿನ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತದೆ, ಇಳಿದವನಿಗೆ ಅಪಾಯ ತಿಳಿಯುವ ಮೊದಲೇ ಪ್ರಜ್ಞೆ ಹೋಗುತ್ತದೆ. ಅವನನ್ನು ಎತ್ತಲು ಇಳಿದ ಎರಡನೆಯವನೂ ಮೂರನೆಯವನೂ ಹಾಗೆಯೇ ಸಾಯುತ್ತಾರೆ. ಸುರಕ್ಷತೆಯಿಲ್ಲದೆ ಮನುಷ್ಯನನ್ನು ಗುಂಡಿಗೆ ಇಳಿಸುವುದನ್ನು 2013ರ ಕಾಯ್ದೆ ಅಪರಾಧವೆಂದು ಸಾರಿದೆ. ಹೀಗೆ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು 2023ರಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಆದ್ದರಿಂದ ಅಸೋಸಿಯೇಷನ್ ಕಾರ್ಯದರ್ಶಿ ಕಡಿಮೆ ದುಡ್ಡಿಗೆ ಇಬ್ಬರು ಹುಡುಗರನ್ನು ಕರೆದಿದ್ದೇನೆ ಎಂದರೆ ತಡೆಯಿರಿ. ಹೀರುವ ಯಂತ್ರದ ಲಾರಿ ಬಂದರೆ ಮಾತ್ರ ಮುಚ್ಚಳ ತೆಗೆಯಲಿ. ನಮಗೇಕೆ ಎಂದು ಬಾಗಿಲು ಹಾಕಿಕೊಂಡವರು ಈ ಕಟ್ಟಳೆಯನ್ನು ಮುರಿದವರ ಜೊತೆಗಿದ್ದಾರೆ ಎಂದೇ ನನ್ನ ತೀರ್ಪು.

• ಜೀವ ಉಳಿಸುವುದೂ ಅದೇ ಕಟ್ಟಳೆ. 2015ರ ಡಿಸೆಂಬರಿನ ಪ್ರವಾಹದಲ್ಲಿ ಅಡ್ಯಾರ್ ನದಿ ಉಕ್ಕಿದಾಗ ಕಡಲ ದಡದ ಮೀನುಗಾರರು ತಮ್ಮ ದೋಣಿಗಳನ್ನು ಬೀದಿಗಳಿಗೆ ತಂದು ಸಾವಿರಾರು ಜನರನ್ನು ಹೊತ್ತೊಯ್ದರು. ನಿಮ್ಮ ಬಳಿ ದೋಣಿ ಇರಲಿಕ್ಕಿಲ್ಲ. ಮಳೆಗಾಲಕ್ಕೆ ಮುಂಚೆ ನೆಲಮಹಡಿಯಲ್ಲಿ ಒಂಟಿಯಾಗಿರುವ ಮುದುಕರು ಯಾರು ಎಂದು ತಿಳಿದಿಟ್ಟುಕೊಳ್ಳಿ. ನೀರು ಏರಿದರೆ ಅವರನ್ನು ಮೇಲಿನ ಮಹಡಿಗೆ ಯಾರು ಕರೆತರಬೇಕೆಂದು ಮೊದಲೇ ಮಾತಾಗಿರಲಿ.

ಪರೀಕ್ಷೆಯ ಫಲಿತಾಂಶದ ದಿನ ಮನೆಯಲ್ಲಿ ಗದರುವ ದನಿ ಬೇಡ. ಮಗುವಿನ ಅಂಕಕ್ಕಿಂತ ಮಗು ಮುಖ್ಯ ಎಂಬುದನ್ನು ಬಾಯಿಬಿಟ್ಟು ಹೇಳಿ, ಅವರೇ ತಿಳಿದುಕೊಂಡಾರೆಂದು ಸುಮ್ಮನಿರಬೇಡಿ. ಮಾತು ಕಡಿಮೆಯಾದ, ಊಟ ಬಿಟ್ಟ, ತನ್ನ ಸಾಮಾನು ಹಂಚತೊಡಗಿದ ಹುಡುಗ ಹುಡುಗಿಯರ ಪಕ್ಕ ಕೂತು, ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಚೆನ್ನೈಯಲ್ಲೇ 1986ರಿಂದ ಸ್ನೇಹಾ ಎಂಬ ಸಂಸ್ಥೆ ಇಂಥವರ ಮಾತು ಕೇಳುತ್ತಿದೆ. ಆತ್ಮಹತ್ಯೆಯಿಂದ ಜೀವ ಕಳೆದುಕೊಂಡವರ ಮನೆಗೆ ಹೋಗಲು ಹಿಂಜರಿಯಬೇಡಿ. ಅವರ ಮೋಕ್ಷದ ಬಗ್ಗೆ ನಿರಾಶರಾಗಬಾರದು, ಅವರಿಗಾಗಿ ಪ್ರಾರ್ಥಿಸಬೇಕು ಎಂಬುದೇ ಧರ್ಮಸಭೆಯ ಬೋಧನೆ. ನರಕ ಎಂಬ ಪದ ಆ ಮನೆಯ ಅಂಗಳದಲ್ಲಿ ನಿಮ್ಮ ಬಾಯಿಂದ ಬರಬಾರದು.

• ಆರನೆಯದೂ ಒಂಬತ್ತನೆಯದೂ ಜೊತೆಯಲ್ಲಿ. ಗಂಡ ಹೆಂಡತಿ ಒಬ್ಬರಿಗೊಬ್ಬರು ಗೊತ್ತಾಗದಂತೆ ಅಳಿಸುವ ಸಂದೇಶ ಯಾವುದೇ ಇರಲಿ, ಅಲ್ಲಿಗೇ ನಿಲ್ಲಿಸಿ. ಫೋನಿನಲ್ಲಿ ಹೆಂಗಸರ ಮೈ ತೋರಿಸುವ ವಿಡಿಯೊಗಳನ್ನು ಗೆಳೆಯರ ಗುಂಪಿನಲ್ಲಿ ಹಂಚಿಕೊಳ್ಳುವ ಗಂಡಸರೇ, ಆ ಚಿತ್ರದಲ್ಲಿರುವುದು ಯಾರದೋ ಮಗಳು. ಇನ್ನು ಹೆಣ್ಣುಮಕ್ಕಳಿಗೆ ತಂದೆಯ ಸ್ಥಾನದಲ್ಲಿ ನಿಂತು ಹೇಳುತ್ತೇನೆ. ಹೊಡೆಯುವ ಗಂಡನ ಜೊತೆ ಶಿಲುಬೆ ಎಂದು ತಿಳಿದು ಬಾಳಬೇಕೆಂದು ಧರ್ಮಸಭೆ ಹೇಳಿಲ್ಲ. ಜೀವಕ್ಕೆ, ಮಕ್ಕಳಿಗೆ ಅಪಾಯವಿದ್ದರೆ ಬೇರೆ ಹೋಗಿ ಇರಲು ಧರ್ಮಸಭೆಯ ಕಾನೂನಿನಲ್ಲೇ ಅವಕಾಶವಿದೆ. 181ಕ್ಕೆ ಫೋನ್ ಮಾಡಿ, ತವರಿಗೆ ತಿಳಿಸಿ. ಹಾಗೆ ಬೇರೆಯಾಗಿ ಬಂದವಳು ಗುಡಿಯಲ್ಲಿ ನಿಮ್ಮ ಬೆಂಚಿಗೆ ಬಂದರೆ ಸರಿದು ಜಾಗ ಕೊಡಿ.

• ಕದಿಯಬಾರದು ಎಂಬುದರಲ್ಲಿ ತಡ ಮಾಡುವುದೂ ಸೇರಿದೆ. ದಿನಗೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳಿದರೆ, ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಕೋಬ ತನ್ನ ಪತ್ರದ 5ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಬಡಗಿ, ಪ್ಲಂಬರ್, ಇಸ್ತ್ರಿಯವರು, ನೀರಿನ ಕ್ಯಾನ್ ತರುವ ಹುಡುಗ ಇವರಿಗೆ ಚಿಲ್ಲರೆ ಇಲ್ಲ, ನಾಳೆ ಬಾ ಎನ್ನಬೇಡಿ. ಸಾಂತೋಮ್ ಹಿಂದಿನ ಲೂಪ್ ರಸ್ತೆಯಲ್ಲಿ ಮೀನು ಮಾರುವ ಹೆಂಗಸಿನ ಹತ್ತಿರ ಇಪ್ಪತ್ತು ರೂಪಾಯಿಗೆ ಹೋರಾಡಿ, ಮಾಲಿನಲ್ಲಿ ಹಾಕಿದ ಬೆಲೆಯನ್ನು ತುಟಿಪಿಟಕ್ಕೆನ್ನದೆ ಕೊಡುವುದು ನ್ಯಾಯವಲ್ಲ.

ಸ್ವಂತ ಮನೆಯಿದ್ದು ಬಾಡಿಗೆಗೆ ಕೊಟ್ಟಿರುವವರು ಅಡ್ವಾನ್ಸಿನ ಲೆಕ್ಕ ನೋಡಿಕೊಳ್ಳಿ. ಹತ್ತು ತಿಂಗಳ ಬಾಡಿಗೆ ಮುಂಗಡ ಕೇಳುವುದು ಈ ಊರಿನ ಹಳೆಯ ರೂಢಿ. 2019ರಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾಯ್ದೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮೂರು ತಿಂಗಳ ಮಿತಿ ಹಾಕಿದೆ. ಬಿಟ್ಟುಹೋಗುವವರ ದುಡ್ಡಿನಲ್ಲಿ ಪೇಂಟಿಂಗ್ ಹೆಸರಿನಲ್ಲಿ ಬೇಕಾದಷ್ಟು ಹಿಡಿದು, ಉಳಿದದ್ದಕ್ಕೆ ಆರು ತಿಂಗಳು ಅಲೆಸಿದರೆ ಅದು ಏಳನೆಯ ಕಟ್ಟಳೆಯ ಮಾತು. ತಪ್ಪಾಗಿ ಹಿಡಿದದ್ದನ್ನು ಪಾಪನಿವೇದನೆಯಲ್ಲಿ ಹೇಳಿದರಷ್ಟೇ ಸಾಲದು, ಹಿಂದಕ್ಕೆ ಕೊಡಬೇಕು. ಜಕ್ಕಾಯ ನಾಲ್ಕರಷ್ಟು ಕೊಡುತ್ತೇನೆ ಎಂದ. ನೀವು ಅಸಲನ್ನಾದರೂ ಕೊಡಿ.

ನೀರೂ ಇನ್ನೊಬ್ಬರ ಸೊತ್ತು. 2019ರ ಜುಲೈಯಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಿಕೊಂಡ ಊರು ಇದು. ಮಳೆನೀರು ಇಂಗಿಸುವ ಗುಂಡಿಯನ್ನು ಇಲ್ಲಿ 2003ರಿಂದ ಎಲ್ಲ ಕಟ್ಟಡಗಳಿಗೂ ಕಡ್ಡಾಯ ಮಾಡಿದ್ದಾರೆ. ನಿಮ್ಮ ಕಟ್ಟಡದ್ದು ಕಸ ತುಂಬಿ ಮುಚ್ಚಿದೆಯೇ ಎಂದು ಸೆಪ್ಟೆಂಬರಿನಲ್ಲಿ ಒಮ್ಮೆ ತೆಗೆಸಿ ನೋಡಿ.

• ಸುಳ್ಳುಸಾಕ್ಷಿ ಹೇಳಲು ಈಗ ನ್ಯಾಯಾಲಯಕ್ಕೆ ಹೋಗಬೇಕಿಲ್ಲ, ಹೆಬ್ಬೆರಳು ಸಾಕು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಭೆಯ ಹೊತ್ತಿಗೆ ಹೊಡೆದಾಟದ ವಿಡಿಯೊಗಳು ಫೋನಿಂದ ಫೋನಿಗೆ ಹಾರಿದವು. 12ನೇ ತಾರೀಖು ಇಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಎಸೆದರು, ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ಬಸ್ಸುಗಳು ಸಾಲಾಗಿ ಉರಿದವು. 2023ರ ಮಾರ್ಚಿನಲ್ಲಿ ಬಿಹಾರದ ಕಾರ್ಮಿಕರನ್ನು ತಮಿಳುನಾಡಿನಲ್ಲಿ ಕೊಲ್ಲುತ್ತಿದ್ದಾರೆ ಎಂಬ ಸುಳ್ಳು ವಿಡಿಯೊ ಹರಡಿ, ಬಡಪಾಯಿಗಳು ಹೆದರಿ ರೈಲು ಹತ್ತಿದರು. ಎರಡು ಭಾಷೆಯ ನಡುವೆ ಬದುಕುವ ನಮಗೆ ಈ ಕಟ್ಟಳೆ ಬೇರೆಯವರಿಗಿಂತ ಹೆಚ್ಚು ಬಿಗಿ. ಕನ್ನಡಿಗರ ಗುಂಪಿಗೆ ತಮಿಳರ ಮೇಲಿನ ದೂರು ಬಂದರೆ, ತಮಿಳರ ಗುಂಪಿಗೆ ಕನ್ನಡಿಗರ ಮೇಲಿನ ದೂರು ಬಂದರೆ, ನಿಮ್ಮ ಕೈಯಲ್ಲಿ ಅದು ಸಾಯಲಿ.

ನಿಜವಿದ್ದರೂ ಹೇಳಬಾರದ್ದು ಉಂಟು. ತಕ್ಕ ಕಾರಣವಿಲ್ಲದೆ ಇನ್ನೊಬ್ಬರ ಗುಟ್ಟಾದ ತಪ್ಪನ್ನು ಗೊತ್ತಿಲ್ಲದವರಿಗೆ ಹೇಳುವುದನ್ನೂ ಧರ್ಮಸಭೆ ಇದೇ ಕಟ್ಟಳೆಯಡಿ ಪಾಪವೆಂದು ಎಣಿಸುತ್ತದೆ. ಪೂಜೆ ಮುಗಿದು ಗುಡಿಯ ಹೊರಗೆ ನಿಂತು ಆಡುವ ಮಾತಿಗೆ ಇದು ಅನ್ವಯಿಸುತ್ತದೆ. ಹೆಸರು ಕೆಡಿಸಿದ್ದರೆ, ಯಾರ ಕಿವಿಗೆ ಹೇಳಿದಿರೋ ಅವರ ಬಳಿಯೇ ಹೋಗಿ ಸರಿಪಡಿಸಿ.

• ಹತ್ತನೆಯದಕ್ಕೆ ಹೆಚ್ಚು ಮಾತು ಬೇಡ. ಮಗುವಿನ ಮೊದಲ ಪರಮಪ್ರಸಾದಕ್ಕೆ ಪಕ್ಕದವರು ಎಂಥ ಹಾಲ್ ಹಿಡಿದರೆಂದು ನೋಡಿ ಸಾಲ ಮಾಡಬೇಡಿ. ವರದಕ್ಷಿಣೆಯನ್ನು ಉಡುಗೊರೆ ಎಂದು ಕರೆದು ತೆಗೆದುಕೊಳ್ಳಬೇಡಿ. ನಂಬಲಾಗದಷ್ಟು ಬಡ್ಡಿ ಆಸೆ ತೋರಿಸುವ ಕಂಪನಿಗೆ ದುಡ್ಡು ಹಾಕಬೇಡಿ, ಧರ್ಮಕೇಂದ್ರದ ಬಡವರನ್ನು ಅದಕ್ಕೆ ಸೇರಿಸಲೇಬೇಡಿ.

• ಪಾಪನಿವೇದನೆಗೆ ಹೋಗುವ ಹಿಂದಿನ ದಿನ ಒಂದು ಹಾಳೆ ತೆಗೆದುಕೊಂಡು ಹತ್ತು ಕಟ್ಟಳೆಗಳ ಎದುರು ಒಂದೊಂದು ಹೆಸರು ಬರೆಯಿರಿ, ನಿಮ್ಮಿಂದ ಬಾಕಿ ಬರಬೇಕಾದವರ ಹೆಸರು. ಆಮೇಲೆ ಹಾಳೆ ಹರಿದುಬಿಡಿ. ಕನ್ನಡ ಬಲ್ಲ ಗುರುಗಳಿಲ್ಲ ಎಂದು ವರ್ಷಗಟ್ಟಲೆ ತಪ್ಪಿಸಬೇಡಿ, ಮುರುಕು ತಮಿಳಿಗೂ ಹರಕು ಇಂಗ್ಲಿಷಿಗೂ ಅಲ್ಲಿ ಕ್ಷಮೆ ಸಿಗುತ್ತದೆ. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂದವರು ಯೇಸು. ಆ ಹೆಸರುಗಳಲ್ಲಿ ಒಬ್ಬರನ್ನಾದರೂ ಈ ವಾರವೇ ಕಂಡು ಬನ್ನಿ, ಮಕ್ಕಳೇ. ಬರುವ ತಿಂಗಳಿಂದ ಒಂದನೇ ತಾರೀಖು ಕೆಲಸದಮ್ಮನ ಸಂಬಳ ಅವಳ ಕೈಗೆ ಸೇರಿದ ಮೇಲೆಯೇ ನಿಮ್ಮ ಮನೆಯ ಉಳಿದ ಖರ್ಚು ಶುರುವಾಗಲಿ.